ಕಾರಣ, ನೆವ, ಸಲುವಾಗಿ

ಚಿಕ್ಕೋಡಿ ಕಡೆಯ ಬಿ.ಎ. ವಿದ್ಯಾರ್ಥಿನಿಯೊಬ್ಬಳು ತಾನು ಮಾಡಿದ ಅನುವಾದವೊಂದನ್ನು ತಿದ್ದಿಕೊಡಿ ಎಂದು ತಂದಿದ್ದಳು. ಒಂದೂವರೆ ಪುಟದ ಇಂಗ್ಲಿಷ್ ಪ್ರಬಂಧ. ಮೂಲದಲ್ಲಿ ‘ರೀಸನ್’ ನಾಲ್ಕು ಸಲ, ‘ಕಾಸ್’ ಮೂರು ಸಲ, ‘ಬಿಕಾಸ್’ ಎರಡು ಸಲ, ‘ಪ್ರಿಟೆಕ್ಸ್ಟ್’ ಒಂದು ಸಲ ಬಂದಿತ್ತು. ಅವಳ ಕನ್ನಡದಲ್ಲಿ ಹತ್ತೂ ಕಡೆ ‘ಕಾರಣ’ವೇ ಕೂತಿತ್ತು. ಯಾಕಮ್ಮ ಹೀಗೆ ಎಂದರೆ, “ಡಿಕ್ಷನರಿಯೊಳಗ ಹಂಗ ಐತ್ರಿ ಸರ್” ಎಂದಳು. ಅದು ಸುಳ್ಳಲ್ಲ. ಆಮೇಲೆ ತಡವಾಗಿ ಬಂದದ್ದಕ್ಕೆ ತಾನೇ ಸಮಜಾಯಿಷಿ ಕೊಟ್ಟಳು: “ಈ ಬಸ್ಸಿನ ಕಾಲಾಗ ಸಾಕಾಗೇತ್ರಿ.” ಬಸ್ಸಿನ ಕಾರಣದಿಂದ ಎಂದು ಅವಳು ಹೇಳಲಿಲ್ಲ. ಹಾಳೆಯ ಮೇಲೆ ಒಂದೇ ಪದ ಇದ್ದವಳ ಬಾಯಲ್ಲಿ ಬೇರೆಯದೇ ಇತ್ತು, ಅದೂ ಹೆಚ್ಚು ನಿಖರವಾದದ್ದು.

ಈ ಬರಹ ಆ ಹತ್ತು ‘ಕಾರಣ’ಗಳ ಬಗ್ಗೆ. ನಮ್ಮ ಬರಹದ ಕನ್ನಡ ಎಷ್ಟೋ ಬೇರೆ ಬೇರೆ ಸಂಗತಿಗಳನ್ನು ಈ ಒಂದೇ ಪದದ ಮೇಲೆ ಹೇರುತ್ತಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನ ದಿನನಿತ್ಯದ ಮಾತಿನಲ್ಲಿ ಅವನ್ನು ಬಿಡಿಸಿಟ್ಟುಕೊಂಡಿದ್ದಾರೆ. ಬರೆಯುವಾಗ ಮಾತ್ರ ಆ ಬಿಡಿಸುವಿಕೆ ಮಾಯವಾಗುತ್ತದೆ.

ಮೊದಲು ಇಂಗ್ಲಿಷಿನ ಪದಗಳನ್ನೇ ನೋಡೋಣ. ‘ಕಾಸ್’ ಲ್ಯಾಟಿನ್ನಿನ ‘ಕೌಸಾ’ದಿಂದ ಬಂದದ್ದು. ಅದಕ್ಕೆ ಕಾರಣ ಎಂಬ ಅರ್ಥದ ಜೊತೆಗೆ ನ್ಯಾಯಾಲಯದ ವ್ಯಾಜ್ಯ ಎಂಬ ಅರ್ಥವೂ ಇತ್ತು. ಇಂಗ್ಲಿಷಿನಲ್ಲಿ ಇವತ್ತಿಗೂ ಒಂದು ಹೋರಾಟದ ಗುರಿಯನ್ನು ‘ಕಾಸ್’ ಎನ್ನುತ್ತಾರೆ. ‘ರೀಸನ್’ ಲ್ಯಾಟಿನ್ನಿನ ‘ರಾಶಿಯೋ’ದಿಂದ, ಅಂದರೆ ಲೆಕ್ಕಾಚಾರ, ವಿವೇಚನೆ. ಆದ್ದರಿಂದ ಬುದ್ಧಿಗೂ ಅದೇ ಪದ, ಬುದ್ಧಿ ಕೊಡುವ ಸಮರ್ಥನೆಗೂ ಅದೇ ಪದ. ಬೆಂಕಿ ಹತ್ತಿದ್ದಕ್ಕೆ ಸಿಗರೇಟಿನ ತುಂಡು ‘ಕಾಸ್’. ನಾನು ಸಿಗರೇಟು ಬಿಟ್ಟಿದ್ದಕ್ಕೆ ನನ್ನ ಹತ್ತಿರ ಇರುವುದು ‘ರೀಸನ್’. ಕಲ್ಲು ಉರುಳುವುದಕ್ಕೆ ಮೊದಲನೆಯದು ಸಾಕು. ಮನುಷ್ಯ ನಡೆದುಕೊಳ್ಳುವುದಕ್ಕೆ ಎರಡನೆಯದೂ ಬೇಕು. ಇಂಗ್ಲಿಷರೂ ಮಾತಿನಲ್ಲಿ ಎರಡನ್ನೂ ಕಲಸುತ್ತಾರೆ, ಆದರೆ ಬೇಕೆಂದಾಗ ಬೇರೆ ಮಾಡಲು ಅವರಿಗೆ ಎರಡು ಪದಗಳಿವೆ.

ನಮಗಿಲ್ಲವೇ? ಇದ್ದವು, ಇವೆ. ನ್ಯಾಯಶಾಸ್ತ್ರದ ಹಳೆಯ ಉದಾಹರಣೆ ಎಲ್ಲರೂ ಕೇಳಿದ್ದೇ: ಗುಡ್ಡದ ಮೇಲೆ ಹೊಗೆ ಕಾಣುತ್ತದೆ, ಹಾಗಾಗಿ ಅಲ್ಲಿ ಬೆಂಕಿ ಇದೆ. ಇಲ್ಲಿ ಬೆಂಕಿ ಹೊಗೆಗೆ ‘ಕಾರಣ’. ಆದರೆ ಬೆಂಕಿ ಇದೆ ಎಂಬ ನಮ್ಮ ತಿಳಿವಳಿಕೆಗೆ ಹೊಗೆ ‘ಹೇತು’. ಒಂದು ಲೋಕದಲ್ಲಿ ನಡೆಯುವ ಕೆಲಸ, ಇನ್ನೊಂದು ತಲೆಯಲ್ಲಿ ನಡೆಯುವ ಕೆಲಸ. ಎರಡರ ದಿಕ್ಕೂ ಒಂದಕ್ಕೊಂದು ಎದುರು. ‘ಹೇತು’ ಇವತ್ತಿನ ಕನ್ನಡದಲ್ಲಿ ಅಲಂಕಾರದ ಪಾಠಕ್ಕೆ ಸೀಮಿತವಾಗಿದೆ. ಗಡಿ ಭಾಗದಲ್ಲಿ ಅದಕ್ಕೆ ಇನ್ನೊಂದು ಪೇಚಾಟವೂ ಇದೆ. ಮರಾಠಿಯಲ್ಲಿ ‘ಹೇತೂ’ ಎಂದರೆ ಉದ್ದೇಶ, ಮನಸ್ಸಿನೊಳಗಿನ ಇಂಗಿತ. ನಿಪ್ಪಾಣಿಯಲ್ಲಿ ಮರಾಠಿ ಶಾಲೆ ಓದಿ ಬಂದವರಿಗೆ ‘ಹೇತುವೇನು’ ಎಂದು ಕೇಳಿದರೆ, ನೀನು ಯಾವ ಉದ್ದೇಶದಿಂದ ಹೀಗೆ ಮಾಡಿದೆ ಎಂದು ತರಾಟೆಗೆ ತೆಗೆದುಕೊಂಡಂತೆ ಕೇಳಿಸುತ್ತದೆ.

ಅಲಂಕಾರದ ಪಾಠ ಎಂದೆ. ಅಲ್ಲಿ ಈ ಪದದ ಬಗ್ಗೆ ಸೊಗಸಾದ ಜಗಳವೊಂದಿದೆ, ಕಾವ್ಯಮೀಮಾಂಸೆ ಓದುವ ಹುಡುಗರು ಅದನ್ನು ಹಾರಿಸಿಬಿಡುತ್ತಾರೆ. ಭಾಮಹ ‘ಹೇತು’ವನ್ನು ಅಲಂಕಾರವೆಂದು ಒಪ್ಪುವುದಿಲ್ಲ. ಸೂರ್ಯ ಮುಳುಗಿದ, ಚಂದ್ರ ಕಾಣಿಸಿದ, ಹಕ್ಕಿಗಳು ಗೂಡಿಗೆ ಹೊರಟವು ಎಂಬಂಥ ಮಾತನ್ನು ಎತ್ತಿಕೊಂಡು, ಇದೂ ಒಂದು ಕಾವ್ಯವೇ, ಇದು ಬರೀ ವಾರ್ತೆ ಎನ್ನುತ್ತಾನೆ. ದಂಡಿ ಒಪ್ಪುವುದಿಲ್ಲ. ಅವನಿಗೆ ಹೇತು ಮಾತಿನ ಉತ್ತಮ ಒಡವೆಗಳಲ್ಲಿ ಒಂದು. ಅವನು ಅದನ್ನು ಎರಡಾಗಿ ಸೀಳುತ್ತಾನೆ: ಕಾರಕ ಹೇತು, ಅಂದರೆ ಆಗಮಾಡುವುದು, ಜ್ಞಾಪಕ ಹೇತು, ಅಂದರೆ ತಿಳಿಯಮಾಡುವುದು. ಸೂರ್ಯ ಮುಳುಗಿದ ಎಂಬ ಅದೇ ಮಾತು ಹೊತ್ತು ಎಷ್ಟಾಯಿತು ಎಂಬುದನ್ನು ಕೇಳುವವನಿಗೆ ಸೂಚಿಸುವುದಾದರೆ ಸಾಧುವೇ ಎನ್ನುತ್ತಾನೆ. ನಮ್ಮ ಕವಿರಾಜಮಾರ್ಗ ದಂಡಿಯ ಹಾದಿಯನ್ನೇ ಹಿಡಿದ ಗ್ರಂಥ, ಹಾಗಾಗಿ ಕನ್ನಡದ ಮೊದಲ ವಿಮರ್ಶಾ ಪರಂಪರೆಗೆ ಈ ವಿಂಗಡಣೆ ಹೊಸದಾಗಿರಲಿಲ್ಲ.

ಇದು ಹಳೆಯ ಪಂಡಿತರ ಕಾಲಹರಣ ಎಂದುಕೊಳ್ಳುವವರು ಮಳೆಗಾಲದಲ್ಲಿ ಕೃಷ್ಣಾ ದಂಡೆಗೆ ಬರಬೇಕು. ಜುಲೈ ಬಂತೆಂದರೆ ಪತ್ರಿಕೆಯಲ್ಲಿ ಒಂದು ಸಾಲು ಕಾಯಂ: ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಂದು ಇಷ್ಟು ಕ್ಯುಸೆಕ್ ನೀರು. ಬೆಂಗಳೂರಿನಲ್ಲಿ ಓದಿದರೆ ಅದು ಭಾಮಹ ಹೇಳಿದ ವಾರ್ತೆ, ಬರೀ ಅಂಕಿ. ಯಡೂರಿನಲ್ಲಿ ಓದಿದರೆ ದಂಡಿಯ ಜ್ಞಾಪಕ ಹೇತು. ನಾಳೆ ಕಲ್ಲೋಳ–ಯಡೂರ ಸೇತುವೆ ಮುಳುಗುತ್ತದೆ, ದನಗಳ ಹಗ್ಗ ಬಿಚ್ಚಿ ಎತ್ತರಕ್ಕೆ ಹೊಡೆಯಬೇಕು, ಮೇವು ಅಟ್ಟಕ್ಕೇರಿಸಬೇಕು. ಕುಡಚಿ ಸೇತುವೆ ದಾಟಿ ಉಗಾರಕ್ಕೆ ಹೋಗುವವರು ಇವತ್ತೇ ಹೋಗಿ ಬರಬೇಕು. ಸಾಲು ಅದೇ, ಅಂಕಿ ಅದೇ. ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಅದು ಹೇತುವೋ ವಾರ್ತೆಯೋ ತೀರ್ಮಾನವಾಗುತ್ತದೆ.

ಇನ್ನು ಬಾಯಿಮಾತು.

‘ಯಾಕಂದ್ರ’ದಿಂದ ಶುರುಮಾಡೋಣ. ಬರಹದ ‘ಏಕೆಂದರೆ’ಯನ್ನು ನಾವು ‘ಬಿಕಾಸ್’ಗೆ ಸಮ ಎಂದುಕೊಂಡಿದ್ದೇವೆ. ಕೆಲಸ ನಡೆಯುತ್ತದೆ, ಆದರೆ ಒಳಗಿನ ಕಟ್ಟು ಬೇರೆ. ‘ಬಿಕಾಸ್’ನಲ್ಲಿ ಕಾರಣ ಎಂಬ ವಸ್ತುವೇ ಇದೆ. ‘ಏಕೆಂದರೆ’ಯಲ್ಲಿ ಇರುವುದು ಒಬ್ಬ ಮನುಷ್ಯ. ಏಕೆ ಎಂದು ನೀನು ಕೇಳಿದರೆ, ಹೇಳುತ್ತೇನೆ ಕೇಳು. ಎದುರಿಗೆ ಯಾರೂ ಇಲ್ಲದಿದ್ದರೂ ಆ ಪದ ಒಬ್ಬ ಪ್ರಶ್ನಿಸುವವನನ್ನು ಕೂರಿಸಿಕೊಳ್ಳುತ್ತದೆ. ತೆಲುಗು ತಮಿಳುಗಳದ್ದೂ ಇದೇ ಜಾಡು, ಮರಾಠಿ ಆಡುಮಾತಿನ ‘ಕಾ ತರ’ ಕೂಡ ಪ್ರಶ್ನೆಯನ್ನು ಒಳಗಿಟ್ಟುಕೊಂಡೇ ಹೊರಡುತ್ತದೆ. ಕಾರಣ ಹೇಳುವುದೆಂದರೆ ಉತ್ತರ ಕೊಡುವುದು ಎಂಬ ತಿಳಿವಳಿಕೆ ನಮ್ಮ ವ್ಯಾಕರಣದಲ್ಲೇ ಇದೆ. ಸರ್ಕಾರಿ ಪತ್ರಗಳು ‘ಏಕೆಂದರೆ’ಯನ್ನು ಆದಷ್ಟು ದೂರ ಇಡುತ್ತವೆ ಎಂಬುದನ್ನು ಗಮನಿಸಿ. ಅಲ್ಲಿ ‘ಸದರಿ ಕಾರಣದಿಂದಾಗಿ’ ಇರುತ್ತದೆ. ಕೇಳುವವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳಲು ಅದು ಅನುಕೂಲ.

‘ಸಲುವಾಗಿ’ ನಮ್ಮ ಕಡೆಯ ಪದಗಳಲ್ಲಿ ನನಗೆ ಬಹಳ ಪ್ರೀತಿಯದು. ಮೂಲ ‘ಸಲ್ಲು’. ನಾಣ್ಯ ಸಲ್ಲುತ್ತದೆ, ಗೌರವ ಸಲ್ಲುತ್ತದೆ, ಬಾಕಿ ಸಲ್ಲಬೇಕು. ಯಾವುದಕ್ಕೋ ಸಲ್ಲಬೇಕಾದದ್ದು ‘ಸಲುವಾಗಿ’. ಇಂಗ್ಲಿಷಿನ ‘ಡ್ಯೂ ಟು’ ಕೂಡ ಬಾಕಿಯ ಲೆಕ್ಕದಿಂದಲೇ ಹುಟ್ಟಿದ್ದು ಎಂಬುದು ಕಾಕತಾಳೀಯವಾದರೂ ಖುಷಿ ಕೊಡುತ್ತದೆ. “ಮಳಿ ಸಲುವಾಗಿ ಬರಾಕ ಆಗಲಿಲ್ಲ” ಎಂದರೆ ಹಿಂದಿನ ಕಾರಣ. “ಮಗಳ ಸಲುವಾಗಿ ದುಡಿಯಾಕತ್ತೇನಿ” ಎಂದರೆ ಮುಂದಿನ ಗುರಿ. ಮರಾಠಿ ಇಲ್ಲಿ ಕಟ್ಟುನಿಟ್ಟು: ಮಳೆಗೆ ‘ಮುಳೆ’, ಮಗಳಿಗೆ ‘ಸಾಠಿ’, ಅದಲುಬದಲು ಮಾಡುವಂತಿಲ್ಲ. ಕನ್ನಡ ಎರಡನ್ನೂ ಒಂದೇ ಜೋಳಿಗೆಯಲ್ಲಿ ಹಾಕಿಕೊಂಡಿದೆ. ನಮ್ಮ ಚತುರ್ಥಿ ವಿಭಕ್ತಿಯೂ ಹೀಗೆಯೇ: ‘ಚಳಿಗೆ ನಡುಗಿದ’ ಎಂದರೆ ಕಾರಣ, ‘ನೀರಿಗೆ ಹೋದಳು’ ಎಂದರೆ ಉದ್ದೇಶ. ಇದನ್ನು ಭಾಷೆಯ ಬಡತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೋರಾಟದ ಗುರಿ ಎಂಬ ಅರ್ಥದ ‘ಕಾಸ್’ ಬಂದಾಗ ‘ರೈತರ ಕಾರಣಕ್ಕಾಗಿ ಹೋರಾಡಿದರು’ ಎಂದು ಬರೆದರೆ ರೈತರೇ ಏನೋ ತಪ್ಪು ಮಾಡಿದಂತೆ ಕಾಣುತ್ತದೆ. ‘ರೈತರ ಸಲುವಾಗಿ’ ಎಂದರೆ ಎಲ್ಲವೂ ಸರಿಯಾಗುತ್ತದೆ. ಅವರ ಕಷ್ಟ ಹಿಂದಿನಿಂದ ತಳ್ಳಿದ್ದು, ಅವರ ಒಳಿತು ಮುಂದಿನಿಂದ ಸೆಳೆದದ್ದು, ಎರಡೂ ಅದರೊಳಗಿವೆ.

ಅಂದಹಾಗೆ ‘ಕಾರಣ’ ಎಂಬ ಪದವೂ ಮೊದಲಿನಿಂದ ಇಷ್ಟು ಒಣಗಿರಲಿಲ್ಲ. ‘ರಾಜಕಾರಣ’ದಲ್ಲಿ ಅದಕ್ಕೆ ವ್ಯವಹಾರ, ಉಸಾಬರಿ ಎಂಬ ಅರ್ಥ. ಲ್ಯಾಟಿನ್ನಿನ ‘ಕೌಸಾ’ ಫ್ರೆಂಚಿಗೆ ಹೋಗಿ ‘ಶೋಸ್’, ಅಂದರೆ ವಸ್ತು, ಸಂಗತಿ ಆದ ಹಾಗೆ. ಮರಾಠಿಗರು ಅಲ್ಲಿಗೆ ನಿಲ್ಲದೆ ‘ಅರ್ಥಕಾರಣ’, ‘ಸಮಾಜಕಾರಣ’ ಎಂದೆಲ್ಲ ಬೆಳೆಸಿದ್ದಾರೆ. ನಾವು ರಾಜಕಾರಣವೊಂದನ್ನು ಇಟ್ಟುಕೊಂಡು ಸುಮ್ಮನಾದೆವು. ಹಳಗನ್ನಡದ ‘ಕತ’, ‘ದೆಸೆ’ಗಳೂ ಹಿಂದೆ ಸರಿದವು. ‘ದೆಸೆಯಿಂದ’ ಬರಹದಲ್ಲಿ ಇನ್ನೂ ಉಸಿರಾಡುತ್ತಿದೆ, ‘ಕತದಿಂ’ ಅರ್ಥಕೋಶದಲ್ಲಿ ಮಾತ್ರ.

ಈಗ ಆ ಹುಡುಗಿಯ ‘ಕಾಲಾಗ’. “ನಿನ್ನ ಕಾಲಾಗ ಬ್ಯಾಸತ್ತೇನಿ”, “ಈ ಹುಡುಗರ ಕಾಲಾಗ ಕುಂಡ್ರಾಕ ಪುರಸೊತ್ತಿಲ್ಲ.” ಇದು ಕಾರಣವೇ, ಆದರೆ ಗೊಣಗುವ ಕಾರಣ. ಒಳ್ಳೆಯದಕ್ಕೆ ಯಾರೂ ‘ಕಾಲಾಗ’ ಎನ್ನುವುದಿಲ್ಲ. ‘ನಮ್ಮ ಮಾಸ್ತರ ಕಾಲಾಗ ಪಾಸಾದೆ’ ಎಂದರೆ ಅಥಣಿಯಲ್ಲಿ ನಗುತ್ತಾರೆ. ಅಂದರೆ ಕಾರಣ ಹೇಳುವಾಗಲೇ ದೂರೂ ದಾಖಲಾಗುತ್ತದೆ. ಹಾಗೆಂದು ಅದು ಪೂರ್ತಿ ದ್ವೇಷದ ಮಾತೂ ಅಲ್ಲ. ಮೊಮ್ಮಗನ ‘ಕಾಲಾಗ’ ಸಾಕಾಗಿದೆ ಎನ್ನುವ ಅಜ್ಜಿ ಅವನನ್ನು ತೊಡೆಯ ಮೇಲಿಂದ ಇಳಿಸಿರುವುದಿಲ್ಲ. ಈ ಪದವನ್ನು ‘ಅವನ ಕಾರಣದಿಂದ’ ಎಂದು ಶಿಷ್ಟಗನ್ನಡಕ್ಕೆ ತಂದರೆ ದೂರು ಹೋಗುತ್ತದೆ, ಅಕ್ಕರೆಯೂ ಹೋಗುತ್ತದೆ. ಇಂಗ್ಲಿಷಿನಲ್ಲಿ ಏನಿದೆಯೋ ನನಗೆ ಹೊಳೆದಿಲ್ಲ.

‘ನೆವ’ ಇನ್ನೂ ಖಡಕ್ಕು. ಕೊಟ್ಟ ಕಾರಣ ನಿಜವಾದದ್ದಲ್ಲ ಎಂದು ಹೇಳುವ ಪದ ಅದು. ನಮ್ಮ ಕಡೆ ‘ನೆಪ’ ಎಂದು ಬರೆಯುವಾಗ ತುಸು ಜಾಗ್ರತೆ ಬೇಕು. ‘ನೆಪ್ಪ’ ಎಂದರೆ ನೆನಪು. “ನೆಪ್ಪ ಇಲ್ರಿ” ಎಂದು ಹೊಲದವನು ಹೇಳಿದ್ದನ್ನು ‘ನೆಪ ಹೇಳಲಿಲ್ಲ’ ಎಂದು ಬರೆದುಕೊಂಡರೆ ಅವನ ಮರೆವು ಪ್ರಾಮಾಣಿಕತೆಯಾಗಿಬಿಡುತ್ತದೆ.

‘ನಿಮಿತ್ತ’ದ ಕತೆ ಇವೆಲ್ಲಕ್ಕಿಂತ ಉದ್ದ. ಜಾತ್ರೆಯ ದಿನಗಳಲ್ಲಿ ರಾಯಬಾಗದ ಗೋಡೆಗಳ ಮೇಲೆ ‘ಜಾತ್ರಾ ನಿಮಿತ್ಯ ಜಂಗೀ ಕುಸ್ತಿಗಳು’ ಎಂದಿರುತ್ತದೆ. ಅಲ್ಲಿ ಅದು ಸಂದರ್ಭ. ಹಳೆಯ ಕಾವ್ಯದಲ್ಲಿ ನಿಮಿತ್ತವೆಂದರೆ ಶಕುನ, ನೈಮಿತ್ತಿಕ ಅದನ್ನು ಓದುವವನು. ಗೀತೆಯ ಬಳಕೆಯಿಂದ ಬಂದ ‘ನಿಮಿತ್ತಮಾತ್ರ’ವನ್ನು ಇವತ್ತು ಸನ್ಮಾನಿತರೆಲ್ಲ ಹೇಳುತ್ತಾರೆ: ನಾನು ನಿಮಿತ್ತಮಾತ್ರ, ಎಲ್ಲ ಮಾಡಿದ್ದು ಮೇಲಿನವನು. ಹೊಗಳಿಕೆಯ ದಿನ ಇದು ವಿನಯ. ತನಿಖೆಯ ದಿನ ಇದೇ ಮಾತು ಜಾರಿಕೊಳ್ಳುವ ದಾರಿ. ದರ್ಶನಶಾಸ್ತ್ರದಲ್ಲಿ ನಿಮಿತ್ತಕ್ಕೆ ಇನ್ನೂ ತೂಕದ ಕೆಲಸ. ಗಡಿಗೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ.

ಈ ಕುಂಬಾರ ಮತ್ತು ಮಣ್ಣನ್ನು ಹಿಡಿದು ಒಂದಿಡೀ ಮಹಾಕಾವ್ಯ ಬರೆದವರು ನಮ್ಮ ಭಾಗದವರೇ. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದವರು, ಮನೆಮಾತು ಕನ್ನಡ. 1968ರಲ್ಲಿ ಅಜ್ಮೇರಿನಲ್ಲಿ ದಿಗಂಬರ ದೀಕ್ಷೆ ತೆಗೆದುಕೊಂಡು ಉತ್ತರದಲ್ಲೇ ಉಳಿದರು, 2024ರ ಫೆಬ್ರುವರಿಯಲ್ಲಿ ದೇಹ ಬಿಟ್ಟರು. ಅವರ ‘ಮೂಕಮಾಟಿ’ 1988ರಲ್ಲಿ ಪ್ರಕಟವಾಯಿತು, ಹಿಂದಿಯಲ್ಲಿ. ಕಾಲ್ತುಳಿತಕ್ಕೆ ಸಿಕ್ಕ ಮಣ್ಣು ಕುಂಬಾರನ ಕೈಗೆ ಬಂದು ಕಲಸಿಕೊಂಡು, ಚಕ್ರ ಹತ್ತಿ, ಬೆಂಕಿ ದಾಟಿ ಕುಂಭವಾಗುವ ಕತೆ. ತರ್ಕಶಾಸ್ತ್ರದ ಪುಸ್ತಕದಲ್ಲಿ ಮಣ್ಣು ಬರೀ ಉದಾಹರಣೆ, ಅದಕ್ಕೆ ಬಾಯಿಲ್ಲ. ಇಲ್ಲಿ ಉಪಾದಾನಕ್ಕೇ ಬಾಯಿ ಬಂದಿದೆ. ಮಣ್ಣಿಗೆ ಏರುವ ಆಸೆಯಿದೆ, ಅಳುಕಿದೆ, ನೋವಿದೆ. ಕುಂಬಾರ ಬೇಕು, ಚಕ್ರ ಬೇಕು, ಬೆಂಕಿ ಬೇಕು. ಆದರೆ ಮಣ್ಣೊಳಗೆ ಗಡಿಗೆಯಾಗುವ ಗುಣ ಇಲ್ಲದಿದ್ದರೆ ಇವರೆಲ್ಲ ಸೇರಿ ಏನು ಮಾಡಿಯಾರು? ಕಾವ್ಯದ ಮಟ್ಟಿಗೆ ಹೇಳುವುದಾದರೆ, ಉಪದೇಶ ಹೆಚ್ಚಾದ ಕಡೆ ಅದು ಜಗ್ಗುತ್ತದೆ, ಪದಗಳನ್ನು ತಿರುಗಿಸಿ ಮುರಗಿಸಿ ಅರ್ಥ ತೆಗೆಯುವ ಚಟ ಕೆಲವೆಡೆ ಅತಿಯಾಗುತ್ತದೆ. ಆದರೆ ಕಾರಣದ ಬಗೆಗಿನ ಒಂದು ತತ್ತ್ವವನ್ನು ಕಾರಣವೇ ಎದ್ದು ಮಾತಾಡುವ ಹಾಗೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಆ ಹುಡುಗಿಯ ಹತ್ತಿರ ಮೂಕಮಾಟಿಯ ಪ್ರಸ್ತಾಪ ಮಾಡಿದೆ. “ಸದಲಗಾದವರಾ?” ಎಂದು ಬೆರಗಾದಳು. ದಿನಾ ಬಸ್ಸಿನಲ್ಲಿ ದಾಟುವ ಊರು.

ಈ ಪದಸಂಪತ್ತು ಇಲ್ಲಿ ಉಳಿದಿರುವುದು ಎರಡು ಭಾಷೆಗಳ ತಿಕ್ಕಾಟದಿಂದ ಎಂದು ನನ್ನ ಅನುಮಾನ. ಕಾಗವಾಡ ದಾಟಿದರೆ ಮಿರಜ, ಸಾಂಗ್ಲಿ. ಅದೇ ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯ ಬಗ್ಗೆ ಜಾನ್ ಗುಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಭಾಷಾವಿಜ್ಞಾನ ಓದುವವರಿಗೆ ಲೋಕದ ಎಲ್ಲಾ ಕಡೆ ಅದು ಪರಿಚಿತ, ಕುಪವಾಡದ ಹತ್ತಿರದ ಕನ್ನಡ ವಿದ್ಯಾರ್ಥಿಗಳಿಗೆ ಅಷ್ಟಾಗಿ ಅಲ್ಲ. ಅಲ್ಲಿಯ ಜೈನರು ಮನೆಯಲ್ಲಿ ಕನ್ನಡ, ಮುಸ್ಲಿಮರು ಉರ್ದು, ಊರಿನ ಒಟ್ಟು ವ್ಯವಹಾರ ಮರಾಠಿ. ಶತಮಾನಗಳ ಒಡನಾಟದಲ್ಲಿ ಮೂರರ ವಾಕ್ಯರಚನೆಯೂ ಒಂದರ ಪಡಿಯಚ್ಚು ಇನ್ನೊಂದು ಎಂಬಷ್ಟು ಹತ್ತಿರ ಬಂದಿದೆ, ಆದರೆ ಪದಗಳನ್ನು ಬಿಟ್ಟುಕೊಟ್ಟಿಲ್ಲ ಎಂಬುದು ಅವರ ಮಾತು. ಹೀಗೆ ಬದುಕುವವರು ‘ಮುಳೆ’ಗೂ ‘ಸಾಠಿ’ಗೂ ‘ಸಲುವಾಗಿ’ಗೂ ಇರುವ ಅಂತರವನ್ನು ದಿನಕ್ಕೆ ಹತ್ತು ಸಲ ತೂಗುತ್ತಾರೆ. ಒಂದೇ ಭಾಷೆಯಲ್ಲಿ ಆರಾಮಾಗಿರುವವರಿಗೆ ಆ ತಕ್ಕಡಿ ಬೇಕಾಗುವುದಿಲ್ಲ.

ಈ ತೂಕ ಬರಹದಲ್ಲಿ ಬೇಕಾಗುವುದು ಎಲ್ಲಿ? 2019ರ ಆಗಸ್ಟಿನ ಪ್ರವಾಹವನ್ನೇ ತೆಗೆದುಕೊಳ್ಳಿ. ಈ ಐದೂ ತಾಲೂಕುಗಳ ನದಿಪಾತ್ರದ ಊರುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನೀರಿನಲ್ಲಿ ನಿಂತವು. ಆಚೆ ಕೊಲ್ಲಾಪುರ, ಸಾಂಗ್ಲಿಯೂ ಮುಳುಗಿದವು. ‘ಕಾರಣವೇನು’ ಎಂಬ ಪ್ರಶ್ನೆ ಎದ್ದಿತು. ಆಚೆಯವರು ಕೆಳಗಿನ ಆಲಮಟ್ಟಿಯತ್ತ ಬೆರಳು ತೋರಿಸಿದರು, ಈಚೆಯವರು ಮೇಲಿನ ಕೊಯ್ನಾದತ್ತ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ 2020ರಲ್ಲಿ ಆಚೆಯ ಮುಳುಗಡೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಆದರೂ ಆ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಬಂದಾಗೆಲ್ಲ ಹಳೆಯ ವಾದ ಮತ್ತೆ ಎದ್ದು ಕೂರುತ್ತದೆ. ಇಲ್ಲಿ ಎಷ್ಟು ಪದಗಳು ಬೇಕು ನೋಡಿ. ಸಹ್ಯಾದ್ರಿಯಲ್ಲಿ ಸುರಿದ ಮಳೆ ಉಪಾದಾನ. ಗೇಟು ತೆಗೆದ ಹೊತ್ತು ನಿಮಿತ್ತ. ನದಿಯ ಪಾತ್ರದೊಳಗೇ ಮನೆ ಕಟ್ಟಲು ಬಿಟ್ಟವರಿದ್ದರೆ ಅವರ ‘ಕಾಲಾಗ’. ಬ್ಯಾರೇಜಿನ ಅಂಕಿ ಹೇತು. ಗಡಿಯಾಚೆಯವರನ್ನು ಬೈಯುವುದರಲ್ಲಿ ಎಷ್ಟೋ ಪಾಲು ನೆವ. ಪತ್ರಿಕೆ ಮಾತ್ರ ‘ಪ್ರವಾಹದ ಕಾರಣ ಹಾನಿ’ ಎಂದು ಬರೆದು ಮುಂದಿನ ಸುದ್ದಿಗೆ ಹೋಯಿತು. ಮನೆ ಕಳೆದುಕೊಂಡವಳಿಗೆ ಪರಿಹಾರದ ಅರ್ಜಿಯಲ್ಲಿ ‘ಕಾರಣ’ ಎಂಬ ಒಂದೇ ಖಾನೆ. ಅದರಲ್ಲಿ ಅವಳು ‘ನೀರು’ ಎಂದಲ್ಲದೆ ಇನ್ನೇನು ಬರೆದಾಳು?

ನಿಪ್ಪಾಣಿಯ ತಂಬಾಕು ಚಳವಳಿಯನ್ನೂ ಹೀಗೆ ಓದಬಹುದು. 1981ರಲ್ಲಿ ಶರದ್ ಜೋಶಿಯವರ ಮುಂದಾಳ್ತನದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯ ಮೇಲೆ ಕೂತರು. ಏಪ್ರಿಲಿನಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ‘ಚಳವಳಿಯ ಕಾರಣ ಗೋಲಿಬಾರ್’ ಎಂದು ಬರೆದರೆ ಸತ್ತವರೇ ತಮ್ಮ ಸಾವಿಗೆ ಕಾರಣರಾಗುತ್ತಾರೆ. ‘ಬೆಲೆಯ ಸಲುವಾಗಿ ಕೂತಿದ್ದರು, ಅವರ ಮೇಲೆ ಗುಂಡು ಹಾರಿಸಿದರು’ ಎಂದರೆ ಯಾರು ಏನು ಮಾಡಿದರು ಎಂಬುದು ಅದರದರ ಜಾಗದಲ್ಲಿ ನಿಲ್ಲುತ್ತದೆ. ಎರಡನೆಯ ವಾಕ್ಯಕ್ಕೆ ಹೆಚ್ಚಿನ ಪಾಂಡಿತ್ಯವೇನೂ ಬೇಕಿಲ್ಲ, ನಿಪ್ಪಾಣಿಯ ಯಾವ ಬೀಡಿ ಕಟ್ಟುವ ಹೆಣ್ಣುಮಗಳೂ ಹೇಳುವ ವಾಕ್ಯ ಅದು.

ನಾವಿಬ್ಬರೂ ಕೂತು ಆ ಅನುವಾದವನ್ನು ತಿದ್ದಿದೆವು. ಹತ್ತರಲ್ಲಿ ಮೂರು ‘ಕಾರಣ’ ಉಳಿದವು. ‘ಪ್ರಿಟೆಕ್ಸ್ಟ್’ ನೆವವಾಯಿತು. ಒಂದು ‘ಕಾಸ್’ ಸಲುವಾಗಿಯೊಳಗೆ ಕರಗಿತು. ‘ಬಿಕಾಸ್’ ಒಂದು ಕಡೆ ‘ಅಂತ’ ಆಯಿತು: “ಮಳಿ ಬರತೈತಿ ಅಂತ ಛತ್ರಿ ತಂದೆ” ಎಂಬಲ್ಲಿಯ ‘ಅಂತ’. ‘ರೀಸನ್’ ಒಂದು ಕಡೆ ವಿವೇಕ, ಒಂದು ಕಡೆ ಸಮರ್ಥನೆ. ಮಿಕ್ಕವು ವಾಕ್ಯ ತಿರುಗಿಸಿದಾಗ ಬೇಕಾಗಲೇ ಇಲ್ಲ. ಹೊರಡುವಾಗ ಅವಳು ಹೊಸ್ತಿಲಲ್ಲಿ ನಿಂತು ಕೇಳಿದಳು: “ಸರ್, ಯಾಕ್ ಬಂದಿ ಅಂತ ಕೇಳಿದ್ರ ನಾವು ‘ಸುಮ್ನ ಬಂದ್ನಿ’ ಅಂತೀವಲ್ರಿ, ಅದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ?” ನನಗೆ ಗೊತ್ತಾಗಲಿಲ್ಲ. ಐದೂವರೆಯ ಬಸ್ಸು ಬಂತು, ಅವಳು ಓಡಿದಳು.